ಆ ನಾಲ್ಕು ವರುಷ ಎಲ್ಲಿದ್ದೆವು?



“ರಾಜಕೀಯ ನಮಗೇಕೆ? ಕೆಲಸ ಉಂಟು, ಪ್ರಾರ್ಥನೆ ಉಂಟು, ಸಾಕು” ಎಂದು ನಾವು ಲೈನ್ ಮನೆಗಳಲ್ಲಿ ಮಾತಾಡಿಕೊಳ್ಳುತ್ತೇವೆ. ಜರ್ಮನಿಯ ಎಷ್ಟೋ ಕ್ರೈಸ್ತರೂ ಹಾಗೆಯೇ ಅಂದುಕೊಂಡಿದ್ದರು.

1933ರ ಮೇ 2ರಂದು ಹಿಟ್ಲರನ ಜನರು ಅಲ್ಲಿನ ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ ಮುಖಂಡರನ್ನು ಹಿಡಿದೊಯ್ದರು. ಸಭೆಗಳು ಸುಮ್ಮನಿದ್ದವು. ಪಾದ್ರಿ ಮಾರ್ಟಿನ್ ನೀಮೊಲ್ಲರ್ ಆ ವರುಷ ಹಿಟ್ಲರನ ಪಕ್ಷಕ್ಕೇ ಓಟು ಹಾಕಿದ್ದರು. ಸರ್ಕಾರ ಸಭೆಯ ಮೇಲೆಯೇ ಕೈಯಿಟ್ಟಾಗ ಎದುರು ನಿಂತರು. 1937ರಿಂದ 1945ರ ತನಕ ಸೆರೆಯಲ್ಲಿದ್ದರು. ಅಷ್ಟರಲ್ಲಿ ಯುದ್ಧವು ಕೋಟಿಗಟ್ಟಲೆ ಜೀವಗಳನ್ನು ನುಂಗಿತ್ತು. ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದಿದ್ದರು.

ಯುದ್ಧ ಮುಗಿದ ಮೇಲೆ ಅವರು ತಾವಿದ್ದ ಡಾಖಾವ್ ಸೆರೆಶಿಬಿರಕ್ಕೆ ಹೋದರು. ಸತ್ತವರ ನೆನಪಿನ ಹಲಗೆಯ ಮೇಲೆ 1933ರಿಂದ 1945 ಎಂದಿತ್ತು. 1937ರಿಂದ ಸೆರೆಯಲ್ಲಿದ್ದೆ, ಸರಿ. ಅದಕ್ಕೆ ಮುಂಚಿನ ನಾಲ್ಕು ವರುಷ ಎಲ್ಲಿದ್ದೆ ಎಂದು ದೇವರು ಕೇಳಿದರೆ? ಉತ್ತರವಿರಲಿಲ್ಲ. ಇದನ್ನು ಅವರೇ ಸಭೆಗಳ ಮುಂದೆ ಒಪ್ಪಿಕೊಂಡರು.

ಕಾಯಿನನಿಗೂ ದೇವರು ಕೇಳಿದ್ದು ತಮ್ಮನ ವಿಷಯವನ್ನೇ. ಪಕ್ಕದ ಲೈನಿನವರಿಗೆ ಅನ್ಯಾಯವಾದಾಗ, ಅವರು ಬೇರೆ ಮತ, ಬೇರೆ ಸಂಘ ಎಂದು ನಾವು ಬಾಗಿಲು ಹಾಕಿಕೊಳ್ಳುವುದು ಬೇಡ. ಪ್ರಾರ್ಥಿಸೋಣ; ಎದ್ದು ಅವರ ಮನೆಗೂ ಹೋಗೋಣ, ಸಂಘದ ಕೂಟಕ್ಕೂ ಹೋಗೋಣ; ಓಟನ್ನು ಯೋಚಿಸಿ ಹಾಕೋಣ.