ಆಗದು ಎನ್ನಬಲ್ಲವರು ಬೇಕು



'ಅಧಿಕಾರ: ಹೊಣೆ ಮತ್ತು ಅಪಾಯ' ಎಂಬ ಈ ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸಲಿರುವವರು ಈ ಕ್ಷೇತ್ರವನ್ನು ಆಳವಾಗಿ ಬಲ್ಲವರು. ಅವರ ಚರ್ಚೆಗೆ ಹಿಡಿದು ನಡೆಯಲು ಒಂದು ಎಳೆಯನ್ನು ಕೊಡುವುದು ಆಶಯ ಭಾಷಣದ ಕೆಲಸ. ಆ ಎಳೆಯನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮಲ್ಲಿ ಅಧಿಕಾರದ ಮಾತು ಬಂದಾಗಲೆಲ್ಲ ಅದು ವ್ಯಕ್ತಿಗಳ ಸುತ್ತ ಸುತ್ತತೊಡಗುತ್ತದೆ. ಒಳ್ಳೆಯವರು ಕುರ್ಚಿಗೆ ಬಂದರೆ ನಾಡು ಉದ್ಧಾರವಾಗುತ್ತದೆ, ಕೆಟ್ಟವರು ಬಂದರೆ ಹಾಳಾಗುತ್ತದೆ ಎಂದು ನಂಬಿಕೊಂಡಿದ್ದೇವೆ. ಈ ನಂಬಿಕೆ ಅರ್ಧ ಸತ್ಯ. ಒಳ್ಳೆಯವರೂ ತಪ್ಪು ಮಾಡುತ್ತಾರೆ. ಒಳ್ಳೆಯ ಉದ್ದೇಶವಿದ್ದವರು ತಮ್ಮ ಉದ್ದೇಶದ ಮೇಲಿನ ವಿಶ್ವಾಸದಿಂದಲೇ ಇನ್ನೂ ದೊಡ್ಡ ತಪ್ಪು ಮಾಡುತ್ತಾರೆ. ಆದ್ದರಿಂದ ನನ್ನ ಪ್ರತಿಪಾದನೆ ಇಷ್ಟು: ಅಧಿಕಾರ ಹಿಡಿದವರ ಮೊದಲ ಹೊಣೆ, ತಮಗೆ 'ಇದು ಆಗದು' ಎಂದು ಹೇಳಬಲ್ಲವರನ್ನು ಅವರವರ ಜಾಗದಲ್ಲಿ ಉಳಿಸುವುದು. ಅಧಿಕಾರದ ಮೊದಲ ಅಪಾಯವೂ ಅಲ್ಲೇ ಇದೆ. ಅಂಥವರನ್ನು ಒಬ್ಬೊಬ್ಬರನ್ನಾಗಿ ತೆಗೆದುಹಾಕುವ ಶಕ್ತಿ ಆ ಕುರ್ಚಿಗೇ ಇರುತ್ತದೆ.

ಇದನ್ನು ಪರೀಕ್ಷಿಸಲು ನಮ್ಮ ಗಣರಾಜ್ಯದ ಇತಿಹಾಸದಲ್ಲೇ ಒಂದು ಪ್ರಸಂಗವಿದೆ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿದರು. ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರು ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಸಚಿವ ಸಂಪುಟ ಸೇರಿದ್ದು ಮರುದಿನ ಬೆಳಿಗ್ಗೆ, ಸಹಿ ಬಿದ್ದಮೇಲೆ. ಅಷ್ಟು ಹೊತ್ತಿಗೆ ಬಂಧನಗಳು ಶುರುವಾಗಿದ್ದವು. ಸಂಪುಟದ ಮುಂದೆ ಉಳಿದದ್ದು ಒಪ್ಪಿಗೆ ಕೊಡುವ ಕೆಲಸವೊಂದೇ. ಪ್ರಶ್ನೆ ಕೇಳಬೇಕಾದ ಮೊದಲ ಕೋಣೆಯಲ್ಲಿ ಪ್ರಶ್ನೆ ಏಳಲಿಲ್ಲ.

ಈ ಕಥೆಯ ಒಂದು ಅಧ್ಯಾಯ ನಮ್ಮ ಬೆಂಗಳೂರಿನದು. ಪಕ್ಷಾಂತರ ತಡೆ ಮಸೂದೆಯ ಸಂಸದೀಯ ಸಮಿತಿಯ ಸಭೆಗೆಂದು ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಜೂನ್ 26ರಂದು ಇಲ್ಲೇ ಬಂಧಿಸಿ ಕೇಂದ್ರ ಕಾರಾಗೃಹಕ್ಕೆ ಕಳಿಸಲಾಯಿತು. ಅವರು ಕರ್ನಾಟಕ ಹೈಕೋರ್ಟಿನ ಮೊರೆ ಹೋದರು. ವಿಚಾರಣೆಯಿಲ್ಲದ ಬಂಧನವನ್ನು ಪ್ರಶ್ನಿಸುವ ಅರ್ಜಿಯನ್ನು ಆಲಿಸುವ ಅಧಿಕಾರ ತನಗಿದೆ ಎಂದು ನಮ್ಮ ಹೈಕೋರ್ಟು ಹೇಳಿತು. ದೇಶದ ಇನ್ನೂ ಹಲವು ಹೈಕೋರ್ಟುಗಳು ಹಾಗೆಯೇ ಹೇಳಿದವು. ಮುಂದಿನ ವರ್ಷ, 1976ರಲ್ಲಿ, ನ್ಯಾಯಮೂರ್ತಿಗಳ ಸಾಮೂಹಿಕ ವರ್ಗಾವಣೆ ನಡೆಯಿತು. ನಮ್ಮ ಹೈಕೋರ್ಟಿನ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೂ ಎಂ. ಸದಾನಂದಸ್ವಾಮಿ ಗುವಾಹಟಿಗೂ ಹೋಗಬೇಕಾಯಿತು.

ಇದಕ್ಕೆ ಮುನ್ನುಡಿಯನ್ನು 1973ರಲ್ಲೇ ಬರೆದಾಗಿತ್ತು. ಸುಪ್ರೀಂ ಕೋರ್ಟಿನ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಗಿತ್ತು. ಆ ಮೂವರಲ್ಲಿ ಒಬ್ಬರು ಕನ್ನಡಿಗರಾದ ಕೆ.ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು. ಸಂವಿಧಾನದ ಒಂದು ಅಕ್ಷರ ಬದಲಾಗದೆಯೂ ನ್ಯಾಯಾಲಯದ ಬೆನ್ನೆಲುಬನ್ನು ಮುಟ್ಟಿ ನೋಡಬಹುದು ಎಂಬುದು ಅಂದೇ ಗೊತ್ತಾಯಿತು.

ಹೈಕೋರ್ಟುಗಳ ಆ ನಿಲುವು ಸುಪ್ರೀಂ ಕೋರ್ಟಿನ ಮುಂದೆ ಹೋಗಿ, 1976ರ ಏಪ್ರಿಲ್ 28ರಂದು ಜಬಲ್ಪುರ ಪ್ರಕರಣದ ತೀರ್ಪು ಬಂತು. ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು, ತುರ್ತುಪರಿಸ್ಥಿತಿಯಲ್ಲಿ ಬಂಧಿತ ವ್ಯಕ್ತಿ ತನ್ನ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎಂದರು. ವಿಚಾರಣೆಯ ವೇಳೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದ ಪ್ರಶ್ನೆಯನ್ನು ಕಾನೂನು ವಿದ್ಯಾರ್ಥಿಗಳೆಲ್ಲರೂ ತಿಳಿದಿರಬೇಕು. ಪೊಲೀಸ್ ಅಧಿಕಾರಿಯೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೆ ಪರಿಹಾರವೇನು ಎಂದು ಅವರು ಕೇಳಿದರು. ತುರ್ತುಪರಿಸ್ಥಿತಿ ಇರುವಷ್ಟು ಕಾಲ ಪರಿಹಾರವಿಲ್ಲ ಎಂದರು ಅಟಾರ್ನಿ ಜನರಲ್ ನಿರೇನ್ ಡೇ. ತಡೆಯಿಲ್ಲದ ಅಧಿಕಾರ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಸರ್ಕಾರದ ವಕೀಲರೇ ತೆರೆದ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಖನ್ನಾ ಒಬ್ಬರೇ ಭಿನ್ನಮತದ ತೀರ್ಪು ಬರೆದರು. 1977ರ ಜನವರಿಯಲ್ಲಿ ಅವರ ಜ್ಯೇಷ್ಠತೆಯನ್ನು ಕಡೆಗಣಿಸಿ ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು.

ತೀರ್ಪುಗಳ ಚರ್ಚೆಯಲ್ಲಿ ಮನುಷ್ಯರು ಮರೆಯಾಗಬಾರದು. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಮ್ಮೆಲ್ಲರ ನೆನಪಿನಲ್ಲಿರುವ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇಡಲಾಯಿತು. ಅವರಿಗೆ ತೀವ್ರ ಅಸ್ತಮಾ ಇತ್ತು. ಅವರ ವಿಚಾರಣೆ ನಡೆಯಲೇ ಇಲ್ಲ. ಆರೋಗ್ಯ ಪೂರ್ತಿ ಕುಸಿದಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು. ಅವರನ್ನು ಕೊಲ್ಲಬೇಕೆಂದು ಯಾರೂ ಆಜ್ಞೆ ಹೊರಡಿಸಿರಲಿಲ್ಲ. ಆದರೆ ಈ ಹೆಂಗಸನ್ನು ಇನ್ನು ಒಳಗಿಡುವುದು ಆಗದು ಎಂದು ಹೊತ್ತಿಗೆ ಸರಿಯಾಗಿ ಹೇಳುವವರು ಆ ಕಡತ ಹಾದುಹೋದ ಮೇಜುಗಳ ಹಿಂದೆ ಇರಲಿಲ್ಲ.

ಮೇಜುಗಳ ಮಾತು ಬಂತು. ಅಧಿಕಾರ ದೆಹಲಿಯ ಒಂದು ಮನೆಯಲ್ಲಿ ಕೂತಿರುವುದಿಲ್ಲ. ಅದು ಕೈಯಿಂದ ಕೈಗೆ ಇಳಿದು ಬರುತ್ತದೆ. ಜೂನ್ 25ರ ರಾತ್ರಿ ದೆಹಲಿಯ ಪತ್ರಿಕಾ ಕಚೇರಿಗಳ ವಿದ್ಯುತ್ ಕಡಿತವಾಯಿತು. ಯಾರೋ ಹೇಳಿದರು, ಮತ್ತೊಬ್ಬರು ಮುಂದೆ ದಾಟಿಸಿದರು, ಕೊನೆಯವರು ಸ್ವಿಚ್ ಆರಿಸಿದರು. ಕುಟುಂಬ ಯೋಜನೆಯ ಹೆಸರಿನಲ್ಲಿ 1976–77ರ ಒಂದೇ ಸಾಲಿನಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಕೇಂದ್ರ ಇಟ್ಟ ಗುರಿಗಿಂತ ಸುಮಾರು ಎರಡು ಪಟ್ಟು. ರಾಜ್ಯಗಳು ಪೈಪೋಟಿಗೆ ಬಿದ್ದು ಗುರಿ ಏರಿಸಿಕೊಂಡವು. ಶಸ್ತ್ರಚಿಕಿತ್ಸೆಗೆ 'ಕೇಸು' ತರದ ಶಾಲಾ ಮೇಷ್ಟರುಗಳ ಸಂಬಳವನ್ನು ಹಲವು ಕಡೆ ತಡೆಹಿಡಿದರು. ಸಂಬಳ ನಿಂತ ಮೇಷ್ಟರು ತಮಗಿಂತ ಬಡವನನ್ನು ಹುಡುಕಿಕೊಂಡು ಹೋದರು. ಹೀಗೆ ಪ್ರತಿ ಮೆಟ್ಟಿಲಿನಲ್ಲೂ ಮೇಲಿನವರಿಗೆ ಅಂಜಿದವನು ಕೆಳಗಿನವನನ್ನು ಅಂಜಿಸಿದ. ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ನ್ಯಾಯಮೂರ್ತಿ ಜೆ.ಸಿ. ಷಾ ಆಯೋಗದ ವರದಿಗಳನ್ನು ಓದುವಾಗ ನಮ್ಮನ್ನು ಕಾಡುವುದು ಇದೇ. ಅಲ್ಲಿ ರಾಕ್ಷಸರು ಬಹಳ ಕಡಿಮೆ. ಹೇಳಿದ ಕೆಲಸ ಮಾಡಿದವರೇ ಹೆಚ್ಚು.

ಇಲ್ಲಿ ಒಂದು ಕಷ್ಟದ ಪ್ರಶ್ನೆಯನ್ನು ಎದುರಿಸಲೇಬೇಕು. ಅದೇ ವರ್ಷಗಳಲ್ಲಿ ಕರ್ನಾಟಕದಲ್ಲಿ ದೇವರಾಜ ಅರಸು ಅವರ ಸರ್ಕಾರವಿತ್ತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ಕಿತ್ತುಹಾಕಿತು. ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯಲ್ಲಿ ತಾಲ್ಲೂಕುಗಳಿಗೆ ಭೂನ್ಯಾಯ ಮಂಡಳಿಗಳು ಬಂದವು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ, ಗೇಣಿದಾರ ತಾನೇ ನಿಂತು ತನ್ನ ಮಾತು ಹೇಳಬಹುದಿತ್ತು. ತಲೆಮಾರುಗಳಿಂದ ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಂತವರು ಅರ್ಜಿ ಕೊಟ್ಟು ಭೂಮಿಯ ಒಡೆಯರಾದರು. ಹಿಂದುಳಿದ ವರ್ಗಗಳ ಕುರಿತ ಹಾವನೂರು ಆಯೋಗದ ವರದಿ ಬಂದದ್ದೂ 1975ರಲ್ಲೇ. ಅಧಿಕಾರವನ್ನು ಬಳಸದೆ ಸುಮ್ಮನೆ ಕೂರುವುದೂ ಹೊಣೆಗೇಡಿತನ ಎಂಬುದಕ್ಕೆ ಅರಸು ಅವರ ಕಾಲ ಒಳ್ಳೆಯ ಪಾಠ. ದುರ್ಬಲರ ಪರ ಬಲವಾಗಿ ನಿಲ್ಲಲೆಂದೇ ಜನ ಸರ್ಕಾರವನ್ನು ಆರಿಸುತ್ತಾರೆ.

ಆದರೆ ಅದೇ ರಾಜ್ಯದ ಜೈಲಿನಲ್ಲೇ ಸ್ನೇಹಲತಾ ಇದ್ದರು. ಒಂದು ಕೈ ಮಾಡಿದ ಒಳಿತನ್ನು ಇನ್ನೊಂದು ಕೈ ಮಾಡಿದ ಕೇಡಿಗೆ ವಜಾ ಹಾಕಲು ಬರುವುದಿಲ್ಲ. ಭೂಮಿ ಸಿಕ್ಕ ಗೇಣಿದಾರನ ಋಣ ಬೇರೆ, ವಿಚಾರಣೆಯಿಲ್ಲದೆ ಕೊಳೆತ ಬಂಧಿತೆಯ ಲೆಕ್ಕ ಬೇರೆ. 1977ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿದಾಗ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅದೇ ಪಕ್ಷಕ್ಕೆ ಕೊಟ್ಟಿತು. ಆ ಮತದಾರರನ್ನು ದೂರುವುದು ತಪ್ಪು, ಅವರಿಗೆ ಅವರದೇ ಕಾರಣಗಳಿದ್ದವು. ನಾವು ಕಲಿಯಬೇಕಾದದ್ದು ಬೇರೆ. ಐದು ವರ್ಷಕ್ಕೊಮ್ಮೆ ಬರುವ ಮತ ಸರ್ಕಾರವನ್ನು ಇಳಿಸಬಲ್ಲದು, ಏರಿಸಬಲ್ಲದು. ಜೈಲಿನಲ್ಲಿರುವ ಒಬ್ಬಂಟಿ ಜೀವವನ್ನು ಅದು ಕಾಯಲಾರದು. ಆ ಕೆಲಸಕ್ಕೆ ನ್ಯಾಯಾಧೀಶ, ವೈದ್ಯ, ಪತ್ರಕರ್ತ, ಜಿಲ್ಲಾಧಿಕಾರಿ, ಕೊನೆಗೆ ಒಬ್ಬ ಜೈಲು ಅಧಿಕಾರಿ ಬೇಕು. ಬಹುಮತವಿರುವ ದಿನಗಳಲ್ಲೇ ಇವರ ಅಗತ್ಯ ಹೆಚ್ಚು.

ಆ ಅನುಭವದಿಂದ ದೇಶ ಪಾಠ ಕಲಿಯಿತು ಎಂಬುದನ್ನೂ ಹೇಳಬೇಕು. 1978ರ 44ನೇ ತಿದ್ದುಪಡಿಯ ಪ್ರಕಾರ ಸಂಪುಟದ ನಿರ್ಧಾರ ಲಿಖಿತವಾಗಿ ತಲುಪಿದ ಮೇಲೆಯೇ ರಾಷ್ಟ್ರಪತಿ ತುರ್ತುಪರಿಸ್ಥಿತಿ ಘೋಷಿಸಬಹುದು. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಯನ್ನು ಆಗಲೂ ಅಮಾನತಿನಲ್ಲಿಡುವಂತಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಜಬಲ್ಪುರ ತೀರ್ಪನ್ನು ತಳ್ಳಿಹಾಕಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖನ್ನಾ ಒಬ್ಬರೇ ಬರೆದದ್ದು ನಾಲ್ಕು ದಶಕಗಳ ಮೇಲೆ ಸರಿಯೆಂದು ಸ್ಥಾಪಿತವಾಯಿತು.

ನಮ್ಮ ರಾಜ್ಯದ್ದೇ ಇನ್ನೊಂದು ಪ್ರಕರಣವನ್ನು ಇದರ ಪಕ್ಕದಲ್ಲಿ ಓದಬೇಕು. 1989ರ ಏಪ್ರಿಲಿನಲ್ಲಿ 19 ಶಾಸಕರ ಪತ್ರಗಳನ್ನು ನಂಬಿ ರಾಜ್ಯಪಾಲರು ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬಹುಮತವಿಲ್ಲವೆಂದು ವರದಿ ಕಳಿಸಿದರು. ಅವರಲ್ಲಿ ಏಳು ಮಂದಿ ಬೆಂಬಲ ಹಿಂತೆಗೆದಿಲ್ಲವೆಂದು ಮರಳಿ ಬರೆದರು. ಸದನದಲ್ಲಿ ಬಹುಮತ ತೋರಿಸುತ್ತೇನೆಂದು ಮುಖ್ಯಮಂತ್ರಿ ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟು, ಬಹುಮತದ ಪರೀಕ್ಷೆಗೆ ಸದನವೇ ಜಾಗ, ರಾಜಭವನವಲ್ಲ ಎಂದು ಸಾರಿತು. ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಸಿಗಲಿಲ್ಲ, ಆದರೆ ಮುಂದಿನ ಸರ್ಕಾರಗಳಿಗೆಲ್ಲ ಒಂದು ರಕ್ಷಣೆ ಸಿಕ್ಕಿತು. ತಪ್ಪು ನಡೆದು ಐದು ವರ್ಷವಾದ ಮೇಲೆ ಬರುವ ನ್ಯಾಯ ಪಾಠವಾಗುತ್ತದೆ, ಪರಿಹಾರವಾಗುವುದಿಲ್ಲ. ಅದಕ್ಕೇ ನಾನು ತಪ್ಪಿನ ಕ್ಷಣದಲ್ಲೇ ತಡೆಯಬಲ್ಲವರ ಮಾತನ್ನು ಮತ್ತೆ ಮತ್ತೆ ಎತ್ತುತ್ತಿರುವುದು.

ಇದರಿಂದ ಮೂರು ಪ್ರಶ್ನೆಗಳನ್ನು ಈ ಗೋಷ್ಠಿಗಳ ಮುಂದೆ ಇಡುತ್ತೇನೆ.

ಮೊದಲನೆಯದು, ಕಾವಲಿನವರನ್ನು ಕಾಯುವವರು ಯಾರು? ಕರ್ನಾಟಕ ಲೋಕಾಯುಕ್ತ ಕಾಯ್ದೆ 1984ರದು. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ತನ್ನ ಅಧೀನದಲ್ಲೇ ರಚಿಸಿ, ಲೋಕಾಯುಕ್ತ ಪೊಲೀಸರ ತನಿಖೆಯ ಅಧಿಕಾರವನ್ನು ಅದಕ್ಕೆ ವರ್ಗಾಯಿಸಿತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ದಳವನ್ನೇ ರದ್ದುಮಾಡಿತು. ತನಿಖೆಗೆ ಒಳಗಾಗಬೇಕಾದವರ ಕೈಕೆಳಗೆ ತನಿಖೆ ಮಾಡುವವರು ಇರುವುದು ಎಷ್ಟು ಸರಿ? ಯಾವ ಪಕ್ಷ ಆಳಿದರೂ ಕೇಳಬೇಕಾದ ಪ್ರಶ್ನೆ ಇದು.

ಎರಡನೆಯದು, ಬಾಯಿಮಾತಿನ ಆದೇಶ ಮತ್ತು ವರ್ಗಾವಣೆ. 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಧಿಕಾರಿಗಳು ಮೌಖಿಕ ಸೂಚನೆಯ ಮೇಲೆ ನಡೆಯಬಾರದು, ಅದನ್ನು ಕಡತದಲ್ಲಿ ದಾಖಲಿಸಬೇಕು, ಹುದ್ದೆಗೆ ಕನಿಷ್ಠ ಅವಧಿ ಇರಬೇಕು ಎಂದಿತು. ಬರಹದಲ್ಲಿ ಕೊಡಿ ಎಂದು ಕೇಳುವುದು ಅವಿಧೇಯತೆ ಅಲ್ಲ, ಆಡಳಿತದ ಧರ್ಮ. ಹಾಗೆ ಕೇಳಿದವರಿಗೆ ಮರುದಿನ ಎತ್ತಂಗಡಿ ಆದೇಶ ಸಿಗದಂತೆ ಮಾಡುವುದು ಹೇಗೆ? ನಿಮ್ಮ ಅನುಭವದಿಂದ ಉತ್ತರ ಬರಲಿ.

ಮೂರನೆಯದು, ಚಿಕ್ಕ ಅಧಿಕಾರಗಳು. ಗ್ರಾಮಸಭೆಯಲ್ಲಿ ಕೆಲಸದ ಲೆಕ್ಕ ಕೇಳಿದ ಹೆಣ್ಣುಮಗಳಿಗೆ ಸಿಗುವ ಉತ್ತರ ಯಾವುದು? ಪಿಂಚಣಿಗಾಗಿ ತಾಲ್ಲೂಕು ಕಚೇರಿಗೆ ಅಲೆಯುವ ವೃದ್ಧನ ಅರ್ಜಿ ಯಾವ ಮೇಜಿನ ಮೇಲೆ, ಯಾವ ಕಾರಣಕ್ಕೆ ನಿಂತಿದೆ? ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮಾರ್ಗದರ್ಶಕರ ಅಭಿಪ್ರಾಯಕ್ಕೆ ವಿರುದ್ಧವಾಗಿ ಬರೆದ ಸಂಶೋಧನಾ ವಿದ್ಯಾರ್ಥಿಯ ಪ್ರಬಂಧಕ್ಕೆ ಸಹಿ ಸಕಾಲಕ್ಕೆ ಬೀಳುತ್ತದೆಯೇ? ಪ್ರಧಾನಿಯ ಅಧಿಕಾರವನ್ನು ವಿಮರ್ಶಿಸುವ ಧೈರ್ಯ ನಮಗೆ ಸುಲಭವಾಗಿ ಬರುತ್ತದೆ. ನಮ್ಮ ಸಹಿಗೆ ಕಾಯುತ್ತಿರುವವರು ನಮ್ಮನ್ನು ವಿಮರ್ಶಿಸಲು ನಾವು ಜಾಗ ಬಿಟ್ಟಿದ್ದೇವೆಯೇ?

ಈ ಸಭಾಂಗಣದಲ್ಲಿರುವ ನಾವೆಲ್ಲ ಒಂದಲ್ಲ ಒಂದು ಸಹಿಯ ಒಡೆಯರು. ಆದ್ದರಿಂದ ನನ್ನ ವಿನಂತಿ ಸರಳ. ನಿಮ್ಮ ನಿರ್ಧಾರಕ್ಕೆ ಕಾರಣವನ್ನು ಬರೆಯಿರಿ. ಆ ನಿರ್ಧಾರದಿಂದ ಬಾಧಿತರಾಗುವವರ ಮಾತನ್ನು ಮೊದಲು ಕೇಳಿ. ನಿಮ್ಮ ಕೈಕೆಳಗಿನವರು 'ಇದು ಆಗದು ಸರ್' ಎಂದಾಗ ಅವರ ಸೇವಾ ಪುಸ್ತಕದ ಮೇಲೆ ಅದರ ನೆರಳು ಬೀಳದಂತೆ ನೋಡಿಕೊಳ್ಳಿ. ಸರದಿ ನಿಮ್ಮದಾದಾಗ, ಮೇಲಿನಿಂದ ಅನ್ಯಾಯದ ಆದೇಶ ಬಂದಾಗ, ಆ ಮಾತನ್ನು ನೀವೂ ಹೇಳಿ. ಸಂವಿಧಾನ ನಮಗೆ ಕೊಟ್ಟಿರುವ ಅಧಿಕಾರದ ಜೊತೆ ಈ ಕರ್ತವ್ಯವನ್ನೂ ಕೊಟ್ಟಿದೆ. ಈ ಸಂಕಿರಣದ ಗೋಷ್ಠಿಗಳು ಅದನ್ನು ನಿಭಾಯಿಸುವ ದಾರಿಗಳನ್ನು ಹುಡುಕಿಕೊಡಲಿ ಎಂದು ಹಾರೈಸುತ್ತೇನೆ.