ಕರಗುವುದು ಸುಲಭ, ಮರಳಿ ಪಡೆಯುವುದು ಕಷ್ಟ



ಶಿರಸಿ ಸೀಮೆಯಲ್ಲಿ ಹುಟ್ಟುವ ಅಘನಾಶಿನಿ ನದಿಯು ಘಟ್ಟವಿಳಿದು ಕಡಲು ಸೇರುವ ಅಳಿವೆಯ ಬಳಿ, ಗೋಕರ್ಣದ ಸಮೀಪ, ಸಾಣಿಕಟ್ಟಾದ ಉಪ್ಪಿನ ಆಗರಗಳಿವೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಬಿಸಿಲಿಗೆ ನೀರು ಆರಿದಂತೆ ಇವೆಲ್ಲವೂ ಒಮ್ಮೆಲೇ ಹೊರಬರುವುದಿಲ್ಲ. ಕಡಿಮೆ ಕರಗುವಂಥವು ಮೊದಲು ಬೇರ್ಪಡುತ್ತವೆ: ಕ್ಯಾಲ್ಸಿಯಂ ಕಾರ್ಬೊನೇಟ್, ಬಳಿಕ ಜಿಪ್ಸಂ. ನೀರು ಮೂಲದ ಹತ್ತರಲ್ಲೊಂದು ಪಾಲಿಗೆ ಇಳಿದಾಗ ಅಡುಗೆಯ ಉಪ್ಪು ಹರಳುಗಟ್ಟತೊಡಗುತ್ತದೆ. ಮೆಗ್ನೀಸಿಯಂ ಲವಣಗಳು ಕೊನೆಯವರೆಗೂ ದ್ರವದಲ್ಲಿಯೇ ಉಳಿಯುತ್ತವೆ. ಆ ನೀರನ್ನು ಹೊರಬಿಡದಿದ್ದರೆ ಉಪ್ಪು ಕಹಿಯಾಗುತ್ತದೆ.

ಕರಗುವಿಕೆಯ ಇದೇ ನಿಯಮವು ಘಟ್ಟದ ಮೇಲಿನ ತೋಟದಲ್ಲಿ ಕೃಷಿಕನಿಗೆ ನಷ್ಟವನ್ನುಂಟುಮಾಡುತ್ತದೆ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಕೊಡಬೇಕೆಂಬುದು ಶಿಫಾರಸು. ಅದಕ್ಕೆ ಸುಮಾರು 233 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬೇಕು. ಅಷ್ಟೂ ಕರಗಲು ಒಂದೇ ಲೀಟರ್ ನೀರು ಸಾಕು! ಒಂದು ಚದರ ಮೀಟರ್ ಬುಡದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಆ ಒಂದು ಲೀಟರ್ ದೊರೆಯಿತು. ಮಲೆನಾಡಿನ ಹಲವೆಡೆ ವರ್ಷಕ್ಕೆ 2,500 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಇಲ್ಲಿನ ಜಂಬಿಟ್ಟಿಗೆ ಮಣ್ಣಿನ ಜೇಡಿಗೆ ಪೊಟ್ಯಾಷನ್ನು ಹಿಡಿದಿಡುವ ಶಕ್ತಿ ಕಡಿಮೆ. ಜೂನ್ ತಿಂಗಳಲ್ಲಿ ಎರಚಿದ ಗೊಬ್ಬರದ ಬಹುಪಾಲು ಯಾರ ಸೊತ್ತು, ಮರದ್ದೋ ಹಳ್ಳದ್ದೋ?

ಹಳ್ಳ ಸೇರಿದ್ದನ್ನು ಮರಳಿ ಪಡೆಯಬಾರದೇ ಎಂದು ವಿದ್ಯಾರ್ಥಿಗಳು ಕೇಳಬಹುದು, ಕೇಳತಕ್ಕ ಪ್ರಶ್ನೆಯೇ. ಲೀಟರಿಗೆ 100 ಮಿಲಿಗ್ರಾಂ ಕರಗಿದ ಘನವಸ್ತುವಿರುವ ಹಳ್ಳದಿಂದ ಒಂದು ಕಿಲೋ ತೆಗೆಯಲು 10,000 ಲೀಟರ್ ನೀರನ್ನು ಆವಿಯಾಗಿಸಬೇಕು. ಕಡಲ ನೀರಾದರೆ 30 ಲೀಟರ್ ಸಾಕು. ಅಷ್ಟಾಗಿಯೂ ಹಳ್ಳದಿಂದ ಸಿಗುವುದು ಬರೀ ಪೊಟ್ಯಾಷ್ ಅಲ್ಲ, ಹಲವು ಲವಣಗಳ ಬೆರಕೆ. ಆಗರದಲ್ಲಿ ಸೂರ್ಯ ಪುಕ್ಕಟೆಯಾಗಿ ಮಾಡುವ ಕೆಲಸಕ್ಕೆ ಇಲ್ಲಿ ಕಾಡನ್ನೇ ಉರಿಸಬೇಕಾದೀತು.

ಆದ್ದರಿಂದ ಗೊಬ್ಬರವನ್ನು ಎರಡು ಕಂತುಗಳಲ್ಲಿ, ನೀರಾವರಿಯಿದ್ದಲ್ಲಿ ಫೆಬ್ರವರಿಯಲ್ಲೂ ಮತ್ತೆ ಮಳೆ ಇಳಿದ ಮೇಲೆ ಸೆಪ್ಟೆಂಬರ್-ಅಕ್ಟೋಬರದಲ್ಲೂ, ಕೊಡುವುದು ಲೇಸು. ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ, 12 ಕಿಲೋ ಕಾಂಪೋಸ್ಟ್ ಕೊಡಬೇಕೆಂದಿರುವುದೂ ಸುಮ್ಮನೆ ಅಲ್ಲ. ಸೊಪ್ಪು ಕೊಳೆತು ಆಗುವ ಕಪ್ಪು ಮಣ್ಣು ಪೊಟ್ಯಾಷನ್ನು ಹಿಡಿದಿಡುತ್ತದೆ. ಸೊಪ್ಪಿನ ಬೆಟ್ಟ ಬೋಳಾದರೆ ಈ ಹಿಡಿತವೂ ಸಡಿಲವಾಗುತ್ತದೆ.

ಒಲೆಯ ಬೂದಿಯನ್ನು ಅಂಗಳದಾಚೆ ಮಳೆಗೆ ಸುರಿಯುವ ಮನೆಗಳೂ ಉಂಟು. ತೊಯ್ದ ಬೂದಿಯಲ್ಲಿ ಸುಣ್ಣದಂಶ ಉಳಿದೀತು, ಪೊಟ್ಯಾಷ್ ಉಳಿಯದು. ನಂಬಿಕೆಯಾಗದವರು ಒಣ ಬೂದಿಯನ್ನು ಬಟ್ಟೆಯಲ್ಲಿಟ್ಟು ನೀರೆರೆದು, ಸೋಸಿ ಬಂದ ನೀರನ್ನು ಪಿಂಗಾಣಿ ತಟ್ಟೆಯಲ್ಲಿ ಬಿಸಿಲಿಗಿಡಲಿ. ತಳದಲ್ಲಿ ಉಳಿಯುವ ಬಿಳಿಯ ಪುಡಿಯಲ್ಲಿ ಹೆಚ್ಚಿನ ಪಾಲು ಪೊಟ್ಯಾಷಿಯಂ ಲವಣಗಳೇ. ಆ ನೀರು ಕ್ಷಾರ. ಕಣ್ಣಿಗೆ ತಾಗದಂತೆ ಎಚ್ಚರವಿರಲಿ.