ಹೆಗಲಿಗೆ ಹಗುರವಾದ ಲ್ಯಾಪ್‌ಟಾಪು
ವ್ಯಾಪಾರಕ್ಕಾಗಿ ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಗೆ ವಾರಕ್ಕೆ ನಾಲ್ಕಾರು ಬಾರಿ ಬಸ್ಸೇರುವವರು ಲ್ಯಾಪ್‌ಟಾಪು ಕೊಳ್ಳುವಾಗ ಮೊದಲು ನೋಡಬೇಕಾದುದು ತೂಕ. 2008ರ ಮೊದಲ ಮ್ಯಾಕ್‌ಬುಕ್ ಏರ್ 1.36 ಕಿಲೋಗ್ರಾಂ ತೂಗುತ್ತಿದ್ದಿತು. ಇಂದು ಒಂದು ಕಿಲೋಗ್ರಾಮಿಗೂ ಕಡಮೆಯವು ಉಂಟು. ಆದರೆ ಚಾರ್ಜರನ್ನೂ ಕೂಡಿಸಿಯೇ ತೂಗಿರಿ. ಫೋನಿಗೂ ಇದಕ್ಕೂ ಒಂದೇ ಯುಎಸ್‌ಬಿ-ಸಿ ಚಾರ್ಜರು ಸಲ್ಲುವುದಾದರೆ ಅಷ್ಟು ಹೊರೆ ಇಳಿಯಿತು.

ತೆಳುವಾದ ಹಲವು ಯಂತ್ರಗಳಲ್ಲಿ ಮೆಮೊರಿಯನ್ನು ಒಳಗೇ ಬೆಸೆದಿರುತ್ತಾರೆ. ಮುಂದೆ ಹೆಚ್ಚಿಸಲು ಬಾರದು. ಆದುದರಿಂದ ಕೈಗೆ ಎಟುಕಿದರೆ 16 ಜಿಬಿಯದನ್ನೇ ಆರಿಸಿರಿ. ಹಗುರದ ಆಸೆಗೆ ಬ್ಯಾಟರಿಯನ್ನು ಮಾತ್ರ ಬಲಿಗೊಡಬೇಡಿರಿ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ತೋರಿಸುವ ಹೊತ್ತಿಗೆ ಪರದೆ ಕಪ್ಪಾದರೆ, ಕುದುರಿದ ವ್ಯಾಪಾರ ಕೈತಪ್ಪೀತು.

ಹಣ ಎಣಿಸುವ ಮುನ್ನ ಅಂಗಡಿಯಲ್ಲಿಯೇ ಹತ್ತು ಸಾಲು ಕನ್ನಡ ಟೈಪು ಮಾಡಿರಿ. ಚೀಲಕ್ಕಿಟ್ಟು ಹೆಗಲಿಗೇರಿಸಿ ನೋಡಿರಿ. ಕಣ್ಣು ಮೆಚ್ಚಿದರೆ ಸಾಲದು, ಹೆಗಲೂ ಒಪ್ಪಬೇಕು.